ಸಹಾಯ ಬೇಕು: ‘ಮೊಹಿಲಾ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಉಕ್ರೇನಿನ ಕವಿ ತರಾಸ್ ಶೆವ್ಚೆಂಕೊ 1845ರಲ್ಲಿ ಬರೆದ ‘ಜಪೊವಿತ್’ ಅನ್ನು, ಅಂದರೆ ‘ಉಯಿಲು’ ಪದ್ಯವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡನೇ ಸಾಲಲ್ಲೇ ಸಿಕ್ಕಿಹಾಕಿಕೊಂಡೆ.

ಸತ್ತ ಮೇಲೆ ನನ್ನನ್ನು ‘ಮೊಹಿಲಾ’ ಮೇಲೆ ಹೂಳಿ ಅನ್ನುತ್ತಾನೆ ಕವಿ. ನನಗೆ ಬರುವುದು ರಷ್ಯನ್. ಅದರಲ್ಲಿ ‘ಮಗೀಲಾ’ ಅಂದರೆ ಸಮಾಧಿ. ಸುಮ್ನೆ ಹಾಗೇ ಬರೆದುಬಿಟ್ಟೆ. ಸಮಾಧಿಯ ಮೇಲೆ ಹೂಳುವುದು ಹೇಗೆ, ಅಲ್ವಾ? ಉಕ್ರೇನಿಯನ್‌ನಲ್ಲಿ ಅದಕ್ಕೆ ಹಳೇ ಕಾಲದವರನ್ನು ಹೂತು ಮಣ್ಣು ಪೇರಿಸಿದ ದಿಬ್ಬ ಅನ್ನುವ ಅರ್ಥವೂ ಇದೆ.

ಮುಜುಗರ ಜಾಸ್ತಿ ಆಗಿದ್ದು ಬೇರೆ ಕಾರಣಕ್ಕೆ. ಜೀತದಾಳಾಗಿ ಹುಟ್ಟಿದ ಈ ಕವಿಯನ್ನು 1847ರಲ್ಲಿ ಗಡಿಪಾರು ಮಾಡಿದಾಗ, ಬರೆಯಬಾರದು, ಚಿತ್ರ ಬಿಡಿಸಬಾರದು ಅಂತ ರಷ್ಯಾದ ಝಾರ್ ದೊರೆಯೇ ಆಜ್ಞೆ ಮಾಡಿದ್ದ. ಆಮೇಲೆ 1876ರಲ್ಲಿ ಮತ್ತೊಬ್ಬ ಝಾರ್ ಹೊರಡಿಸಿದ ‘ಎಮ್ಸ್ ಆಜ್ಞೆ’ ಉಕ್ರೇನಿಯನ್‌ಗೆ ಮಾಡಿದ ಅನುವಾದಗಳ ಅಚ್ಚನ್ನೂ ನಿಷೇಧಿಸಿತು. ಅಂಥವನನ್ನು ನಾನು ಮತ್ತೆ ರಷ್ಯನ್ ಕನ್ನಡಕ ಹಾಕಿಕೊಂಡು ಓದಿದೆನಲ್ಲ!

‘ದಿಬ್ಬ’ ಅಂದರೆ ಸಾವು ಕಾಣುವುದಿಲ್ಲ, ‘ಸಮಾಧಿ’ ಅಂದರೆ ಎತ್ತರ ಕಾಣುವುದಿಲ್ಲ. ನಿಮ್ಮ ಕಡೆ ಇಂಥ ಮಣ್ಣಿನ ಗುಡ್ಡೆಗೆ ಏನನ್ನುತ್ತಾರೆ? ಪದ್ಯದಲ್ಲಿ ಬರುವ ನದಿಯ ಹೆಸರನ್ನು ನಮಗೆ ರೂಢಿಯಾದ ‘ನೀಪರ್’ ಅಂತಲೇ ಬಿಡಲೋ, ಉಕ್ರೇನಿಯನ್‌ನಲ್ಲಿರುವಂತೆ ‘ದ್ನಿಪ್ರೊ’ ಮಾಡಲೋ?

ಉಕ್ರೇನಿನಲ್ಲಿ ಮೆಡಿಕಲ್ ಓದಿ ಬಂದವರು ಇಲ್ಲಿದ್ದರೆ, ಮೂಲ ಪದ್ಯ ಗಟ್ಟಿಯಾಗಿ ಓದಿ ಒಂದು ವಾಯ್ಸ್ ಮೆಸೇಜ್ ಹಾಕುತ್ತೀರಾ? ಲಯ ಕಿವಿಗೆ ಬೀಳಬೇಕು.