‘ಫ್ಲೋಟರ್’ಗೆ ‘ತೇಲುಗ’ ಆದೀತೇ? ವಿಮಾನದ ಹೊರಗಿರುವವರು ‘ನೇತಾಡುತ್ತಾರೆಯೇ’?

ಪ್ರಶ್ನೆ:

ಒಂದು ಚಿತ್ರಕ್ಕೆ ಕನ್ನಡದಲ್ಲಿ ಅಡಿಬರಹ ಬೇಕಾಗಿದೆ. ಹಳೆಯ ಡಿಸಿ-3 ವಿಮಾನ, ಹಿಂಬದಿಯ ಎಡಬಾಗಿಲು ತೆರೆದಿದೆ. ಬಾಗಿಲಿನ ಹೊರಗೆ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯಲಿರುವ ನಾಲ್ವರು ಸ್ಕೈಡೈವರ್‌ಗಳಿದ್ದಾರೆ, ಇನ್ನೂ ಜಿಗಿದಿಲ್ಲ. ಮೂಲದಲ್ಲಿ ಇವರನ್ನು ‘ಫ್ಲೋಟರ್’ ಎಂದಿದೆ. ನನ್ನ ಕರಡು ಹೀಗಿದೆ: ‘ವಿಮಾನಕ್ಕೆ ನೇತಾಡುತ್ತಿರುವ ತೇಲುಗರು’. ನೇತಾಡುವುದೂ ತೇಲುವುದೂ ಒಟ್ಟಿಗೆ ಹೇಗೆ ಎಂಬ ಆಕ್ಷೇಪ ಬಂದಿದೆ. ಜೋತುಬೀಳು, ಅಂಟಿಕೊಳ್ಳು, ತೂಗಾಡು, ಇವುಗಳಲ್ಲಿ ಯಾವುದು ಒಪ್ಪುತ್ತದೆ? ಬಲ್ಲವರು ತಿಳಿಸಿ.

ಉತ್ತರ:

ಆಕ್ಷೇಪ ಸರಿಯಾಗಿಯೇ ಇದೆ. ಮೊದಲು ಕ್ರಿಯಾಪದ ನೋಡೋಣ. ನೇತಾಡಬೇಕಾದರೆ ಕಾಲಿಗೆ ನೆಲೆ ಇರಬಾರದು, ಭಾರವೆಲ್ಲ ಮೇಲಿನ ಹಿಡಿತದ ಮೇಲೆ ಇರಬೇಕು. ಡಿಸಿ-3ರ ಬಾಗಿಲಲ್ಲಿ ಹಾಗಿಲ್ಲ. ಅಲ್ಲಿ ಕಾಲ್ಬೆರಳುಗಳು ಹೊಸ್ತಿಲ ಅಂಚಿನಲ್ಲಿರುತ್ತವೆ, ಕೈ ಬಾಗಿಲ ಮೇಲಂಚಿನ ಹಿಡಿಕಂಬಿಯನ್ನೋ ಚೌಕಟ್ಟನ್ನೋ ಹಿಡಿದಿರುತ್ತದೆ, ಬೆನ್ನು ಹೊರಕ್ಕೆ ಬಾಗಿರುತ್ತದೆ. ಅಂದರೆ ಇದು ನಿಲುವು. ‘ಹೊರಗೆ ಆತು ನಿಂತವರು’ ಎಂದರೆ ಸಾಕು. ‘ಆತುಕೊಳ್ಳು’ ಎಂಬುದರಲ್ಲಿ ಒತ್ತಿ ಹಿಡಿಯುವ ಅರ್ಥವೂ ಇದೆ, ಯಾವ ಗಳಿಗೆಯಲ್ಲಾದರೂ ಬಿಡಬಹುದೆಂಬ ಸಡಿಲವೂ ಇದೆ. ‘ಅಂಟಿಕೊಳ್ಳು’ ಎಂದರೆ ಬಿಡಲಾರದ್ದು ಎಂಬ ಛಾಯೆ ಬರುತ್ತದೆ. ‘ಜೋತುಬೀಳು’ ಇಂದು ಹಳೆಯ ನಂಬಿಕೆಗೆ ಜೋತುಬಿದ್ದವರ ಪಾಲಾಗಿದೆ. ವಿಮಾನ ಬೇರೆ ಹಳೆಯದು, ಓದುಗರಿಗೆ ನಗು ಬಂದೀತು.

ಆದರೆ ಸೆಸ್ನಾ 182ರಂಥ ಸಣ್ಣ ವಿಮಾನದ ಚಿತ್ರವಾದರೆ ‘ನೇತಾಡು’ ಸರಿಯಾದ ಪದವೇ. ಅದರ ರೆಕ್ಕೆ ಮೇಲಿದೆ. ಮೈಯ ಕೆಳಭಾಗದಿಂದ ರೆಕ್ಕೆಗೆ ಓರೆಯಾಗಿ ಏರುವ ಕಂಬಿಗೆ ಸ್ಟ್ರಟ್ ಎನ್ನುತ್ತಾರೆ, ಕನ್ನಡದಲ್ಲಿ ‘ಓರೆಕಂಬಿ’ ಎನ್ನಬಹುದು. ಜಿಗಿಯುವವರು ಬಲಬಾಗಿಲಿಂದ ಹೊರಬಂದು ಚಕ್ರದ ಮೇಲಿನ ಮೆಟ್ಟಿಲಲ್ಲಿ ಕಾಲಿಟ್ಟು, ಎರಡೂ ಕೈಯಿಂದ ಓರೆಕಂಬಿ ಹಿಡಿಯುತ್ತಾರೆ. ಕಾಲು ಟೈರಿನ ಮೇಲೆ ಬಿದ್ದರೆ ಚಕ್ರ ತಿರುಗಿ ಜಾರಿಸದಿರಲೆಂದು ಪೈಲಟ್ ಆ ಹೊತ್ತಿಗೆ ಬ್ರೇಕ್ ಒತ್ತಿ ಹಿಡಿದಿರುತ್ತಾರೆ. ಕಲಿಯುವವರು ಕೈಗಳನ್ನು ಕಂಬಿಯುದ್ದಕ್ಕೂ ಹೊರಕ್ಕೆ ಸರಿಸುತ್ತ ಹೋಗಿ, ಕಾಲನ್ನು ಮೆಟ್ಟಿಲಿಂದ ತೆಗೆಯುತ್ತಾರೆ. ಆಗ ದೇಹ ಗಾಳಿಯಲ್ಲಿ ಹಿಂದಕ್ಕೆ ಚಾಚಿ ನಿಜಕ್ಕೂ ನೇತಾಡುತ್ತದೆ. ಎರಡೂ ಕೈ ಒಂದೇ ಸಲ ಬಿಡಬೇಕು. ಒಂದು ಕೈ ತಡವಾದರೆ ದೇಹ ಆ ಕಡೆಗೆ ತಿರುಗಿಬಿಡುತ್ತದೆ.

ಇಲ್ಲೇ ಇನ್ನೊಂದು ಮಾತು. ಕೈ ಬಿಟ್ಟೊಡನೆ ಮಾಡಬೇಕಾದ ‘ಆರ್ಚ್’ ಅನ್ನು ಅನುವಾದಗಳಲ್ಲಿ ‘ಬಾಗು’ ಎಂದು ಬರೆದುಬಿಡುತ್ತಾರೆ. ಕನ್ನಡದಲ್ಲಿ ಬಾಗು ಎಂದರೆ ಯಾರೂ ಮುಂದಕ್ಕೇ ಬಾಗುವುದು. ಬೇಕಾದದ್ದು ಅದರ ತಿರುವುಮುರುವು: ಸೊಂಟ ಮುಂದಕ್ಕೆ, ತಲೆ ಮೇಲಕ್ಕೆ, ಕೈಕಾಲು ಹಿಂದಕ್ಕೆ. ‘ಬೆನ್ನನ್ನು ಬಿಲ್ಲಾಗಿಸು’ ಎಂದರೆ ತಪ್ಪು ತಿಳಿಯುವ ಪ್ರಮೇಯವಿಲ್ಲ.

ಇನ್ನು ‘ಫ್ಲೋಟರ್’. ಹೊರಗೆ ನಿಂತಾಗ ಅವರು ತೇಲುತ್ತಿಲ್ಲ. ಆ ಹೆಸರು ಅವರು ಮುಂದೆ ಮಾಡುವ ಕೆಲಸದಿಂದ ಬಂದದ್ದು. ಹಲವರು ಸೇರಿ ಗಾಳಿಯಲ್ಲಿ ಒಂದು ಆಕಾರ ಕಟ್ಟುವಾಗ ನಡುವಿನ ತಂಡಕ್ಕೆ ‘ಬೇಸ್’ ಎನ್ನುತ್ತಾರೆ. ಹೊರಗಿದ್ದವರು ಬೇಸ್‌ಗಿಂತ ಕ್ಷಣ ಮೊದಲೇ ಬಿಡುವುದರಿಂದ ಅದಕ್ಕಿಂತ ಕೆಳಗಿರುತ್ತಾರೆ. ಕೈಕಾಲು ಅಗಲಿಸಿ, ಗಾಳಿಯನ್ನು ಹೆಚ್ಚು ತಡೆದು, ಬೀಳುವ ವೇಗ ತಗ್ಗಿಸಿಕೊಂಡು ಬೇಸ್ ತಮ್ಮ ಮಟ್ಟಕ್ಕೆ ಬರುವವರೆಗೆ ಕಾಯುತ್ತಾರೆ. ಮೇಲಿರುವ ಬೇಸ್ ತಂಡದವರಿಗೆ ಇವರು ತೇಲಿ ಮೇಲೆದ್ದು ಬಂದಂತೆ ಕಾಣುತ್ತದೆ. ಒಳಗೆ ಸಾಲಾಗಿ ನಿಂತು ಆಮೇಲೆ ಓಡಿಬರುವವರು ‘ಡೈವರ್’ಗಳು. ವಿಮಾನದ ವೇಗ ಗಂಟೆಗೆ 170 ಕಿ.ಮೀ. ಇದ್ದರೆ ಒಂದು ಸೆಕೆಂಡ್ ತಡವೆಂದರೆ ಸುಮಾರು 47 ಮೀಟರ್ ದೂರ. ಅದನ್ನು ತುಂಬಲು ಅವರು ತಲೆ ಕೆಳಗೆ ಮಾಡಿ, ಕೈಗಳನ್ನು ಮೈಗೆ ಒತ್ತಿ ನುಗ್ಗಬೇಕು. ಇದಕ್ಕೆ ‘ಎರಗು’ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ, ಗಿಡುಗ ಎರಗುವುದೂ ಹೀಗೆಯೇ. ಓದುಗ, ನೋಡುಗ, ಕೇಳುಗ ಇರುವಾಗ ‘ತೇಲುಗ’ಕ್ಕೆ ವ್ಯಾಕರಣದ ಅಡ್ಡಿಯಿಲ್ಲ. ಜೊತೆಗೆ ‘ಎರಗುಗ’ ಎನ್ನಲು ಹೋದರೆ ಮಾತ್ರ ನಾಲಿಗೆ ತೊಡರುತ್ತದೆ, ‘ಎರಗುವವರು’ ಇರಲಿ.

ಮತ್ತೊಂದು ಉತ್ತರ:

ಮೇಲಿನದಕ್ಕೆ ಪೂರಕವಾಗಿ. ಚಿತ್ರಕ್ಕೆ ವಿವರ ಬರೆಯುವುದಾದರೆ ಆ ನಾಲ್ವರು ನಿಂತ ಜಾಗದ ಅಪಾಯವನ್ನೂ ಸರಿಯಾದ ಪದಗಳಲ್ಲಿ ಹೇಳಬೇಕು. 1935ರಲ್ಲಿ ಮೊದಲು ಹಾರಿದ ಡಿಸಿ-3ರ ಬಾಗಿಲಿನ ಹಿಂದೆ ಬಾಲದ ಅಡ್ಡರೆಕ್ಕೆ ತಗ್ಗಿನಲ್ಲಿದೆ. ಹಾಗಾಗಿ ಅಲ್ಲಿ ‘ಹಾರು’, ‘ಜಿಗಿ’ ಎರಡೂ ದಾರಿ ತಪ್ಪಿಸುವ ಪದಗಳು. ಮೇಲಕ್ಕೆ ಜಿಗಿದವರು ಆ ಅಡ್ಡರೆಕ್ಕೆಗೆ ಬಡಿಯಬಹುದು. ‘ಕೈಬಿಡು’ ಎನ್ನಿ, ಇತರ ಕಡೆ ತೊರೆಯುವುದು ಎಂಬ ಅರ್ಥ ಕೊಡುವ ಪದ ಇಲ್ಲಿ ತನ್ನ ಮೂಲಾರ್ಥಕ್ಕೇ ಮರಳುತ್ತದೆ.

ಹೊರಗೆ ಎಷ್ಟು ಮಂದಿ ಎಂಬುದಕ್ಕೂ ಮಿತಿಯಿದೆ. ಹೊರಗಿನವರ ದೇಹಗಳು ಬಾಲಕ್ಕೆ ಹೋಗುವ ಗಾಳಿಯನ್ನು ಕದಡುತ್ತವೆ. ಒಳಗಿನವರೂ ಬಾಗಿಲ ಹತ್ತಿರ ಒತ್ತಿ ನಿಂತರೆ ಭಾರದ ಕೇಂದ್ರ ಹಿಂದಕ್ಕೆ ಸರಿದು ಮೂಗು ಮೇಲೇಳುತ್ತದೆ, ವೇಗ ಕುಸಿಯುತ್ತದೆ, ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ಇದಕ್ಕೆ ‘ಸ್ಟಾಲ್’ ಎಂದೇ ಬರೆಯಿರಿ. ಎಂಜಿನ್ ನಿಂತಿತು ಎಂದು ಅನುವಾದಿಸಿದರೆ ದೊಡ್ಡ ತಪ್ಪು. ಬೀಚ್ 18ರಂಥ ಚಿಕ್ಕ ಹಳೆಯ ವಿಮಾನಗಳಲ್ಲಿ ಈ ಭಯ ಹೆಚ್ಚು. ಆದ್ದರಿಂದ ಉಳಿದವರು ತಮ್ಮ ಸರದಿ ಬರುವವರೆಗೆ ಮುಂದೆಯೇ ಇರಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಹೊರಗೆ ನಿಂತಿರುವಾಗಲೇ ಪ್ಯಾರಾಚೂಟ್ ಬಿಚ್ಚಿಕೊಳ್ಳುವುದು. ಬೆನ್ನಚೀಲದ ತಳದ ಜೇಬಿನಲ್ಲಿ ಪೈಲಟ್ ಚೂಟ್ ಎಂಬ ಪುಟ್ಟ ಕೊಡೆ ಇರುತ್ತದೆ, ದೊಡ್ಡದನ್ನು ಎಳೆದು ತೆಗೆಯುವುದು ಅದರ ಕೆಲಸ. ಬೆನ್ನು ಬಾಗಿಲ ಚೌಕಟ್ಟಿಗೆ ಉಜ್ಜಿದರೆ ಅದು ಹೊರಬಂದು ಗಾಳಿ ಹಿಡಿಯಬಹುದು. ದೊಡ್ಡ ಪ್ಯಾರಾಚೂಟ್ ಬಾಲಕ್ಕೆ ಸುತ್ತಿಕೊಂಡರೆ ಆ ವ್ಯಕ್ತಿಯ ಜೊತೆ ವಿಮಾನಕ್ಕೂ ಕುತ್ತು. ಅದಕ್ಕೇ ಹೊರಗೆ ಹೋಗುವ ಮೊದಲು ಹಿಡಿಕೆ, ಪಿನ್ನುಗಳನ್ನು ತಪಾಸಣೆ ಮಾಡುತ್ತಾರೆ. ಯಾರದಾದರೂ ಕೊಡೆ ಬಾಗಿಲಿನಾಚೆ ಹೋಯಿತೆಂದರೆ ಅವರು ಆ ಕ್ಷಣವೇ ಅದರ ಹಿಂದೆ ಹೋಗಬೇಕು.

ಸೋಜಿಗವೆಂದರೆ ಒಂದು ಕಾಲದಲ್ಲಿ ಇದೇ ಜಿಗಿತದ ಕ್ರಮವಾಗಿತ್ತು. ಮೊದಲ ಮಹಾಯುದ್ಧದ ನಂತರದ ವರ್ಷಗಳಲ್ಲಿ ಬ್ರಿಟನ್ನಿನ ವಾಯುಪಡೆ ವಿಕರ್ಸ್ ವಿಮಿ ವಿಮಾನದ ಕೆಳರೆಕ್ಕೆಯ ಮೇಲೆ ಸಣ್ಣ ಮಣೆಯಂಥ ಕಟ್ಟೆ ಜೋಡಿಸಿ, ಕಲಿಯುವವರನ್ನು ಅದರ ಮೇಲೆ ಕಂಬಿ ಹಿಡಿಸಿ ನಿಲ್ಲಿಸುತ್ತಿತ್ತು. ಸೂಚನೆ ಬಂದಾಗ ಅವರು ಅಲ್ಲೇ ನಿಂತು ಪ್ಯಾರಾಚೂಟ್ ಬಿಚ್ಚುತ್ತಿದ್ದರು. ಅದು ಅರಳಿ ಅವರನ್ನು ಕಿತ್ತುಕೊಂಡು ಹೋಗುತ್ತಿತ್ತು. ಇದಕ್ಕೆ ‘ಪುಲ್-ಆಫ್’ ಎಂದು ಹೆಸರು, ನಾನಾದರೆ ‘ಸೆಳೆಜಿಗಿತ’ ಎನ್ನುತ್ತೇನೆ. 1930ರ ದಶಕದ ಸೋವಿಯತ್ ಬಾಂಬರ್ ವಿಮಾನ ಟಿಬಿ-3ರಲ್ಲಿ ಸೈನಿಕರು ಮೇಲಿನ ಕಿಂಡಿಯಿಂದ ಹೊರಬಂದು ರೆಕ್ಕೆಯ ಮೇಲಿಂದ ಜಾರುತ್ತಿದ್ದರು. ಅದು ‘ಜಾರು’, ಆತು ನಿಲ್ಲುವುದೂ ಅಲ್ಲ, ನೇತಾಡುವುದೂ ಅಲ್ಲ.

ಪ್ರಶ್ನೆ ಕೇಳಿದವರಿಂದ:

ಧನ್ಯವಾದ. ತಿದ್ದಿದ ಅಡಿಬರಹ: ‘ಡಿಸಿ-3 ವಿಮಾನದ ಬಾಗಿಲ ಹೊರಗೆ ಎದುರುಗಾಳಿಯಲ್ಲಿ ಆತು ನಿಂತ ನಾಲ್ವರು ತೇಲುಗರು, ಕೈಬಿಡುವ ಮುನ್ನ’. ಇನ್ನೊಂದು ಸಂಶಯ. ಎಲ್ಲರೂ ಒಟ್ಟಿಗೆ ಬಿಡಲು ಹೇಳುವ ‘ರೆಡಿ, ಸೆಟ್, ಗೋ’ಗೆ ಏನೆನ್ನಲಿ?

ಉತ್ತರ:

ಆ ಗದ್ದಲದಲ್ಲಿ ಮಾತು ಕೇಳಿಸುವುದನ್ನು ನಂಬುವಂತಿಲ್ಲ. ಒಬ್ಬರು ಮೈಯನ್ನು ಹೊರಕ್ಕೆ, ಒಳಕ್ಕೆ ತೂಗಿ ಮೂರನೆಯದಕ್ಕೆ ಬಿಡುತ್ತಾರೆ, ಉಳಿದವರು ಆ ತೂಗಾಟವನ್ನು ನೋಡಿ ಹೊಂದಿಕೊಳ್ಳುತ್ತಾರೆ. ‘ಹೊರಗೆ, ಒಳಗೆ, ಬಿಡು’ ಎಂದರೆ ಮಾತೂ ಮೈಯೂ ಒಂದಾಗುತ್ತವೆ. ನೀವು ಕೇಳಿದ ‘ತೂಗು’ ಕೊನೆಗೂ ಇಲ್ಲಿ ಕೆಲಸಕ್ಕೆ ಬಂತು.

‘ಎದುರುಗಾಳಿ’ ಮಾತ್ರ ತೆಗೆಯಿರಿ. ಅದು ವಿಮಾನಕ್ಕೆ ಎದುರಾಗಿ ಬೀಸುವ ಹವೆಯ ಗಾಳಿ. ಇವರ ಮುಖಕ್ಕೆ ಬಡಿಯುವುದು ವಿಮಾನದ ಓಟದಿಂದಲೇ ಹುಟ್ಟುವ ಗಾಳಿ, ಹವೆ ಪೂರ್ತಿ ನಿಶ್ಚಲವಾಗಿದ್ದರೂ ಅದು ಅಷ್ಟೇ ಜೋರಾಗಿರುತ್ತದೆ. ‘ಓಟದ ಗಾಳಿಯಲ್ಲಿ’ ಎಂದು ಬದಲಿಸಿದರೆ ಅಡಿಬರಹ ಅಚ್ಚಿಗೆ ಹೋಗಬಹುದು.