ಸಹಾಯ ಬೇಕು: ಹಳೇ ಎಲ್‌ಸಿಡಿ ಮಾನಿಟರ್‌ನಿಂದ ಪ್ರೊಜೆಕ್ಟರ್

ಎಲ್ಲರಿಗೂ ನಮಸ್ಕಾರ, ನಾನು ಕಲಬುರಗಿಯವನು. ಓಣಿ ಮಕ್ಕಳಿಗೆ ತೋರಿಸಲು 15 ಇಂಚಿನ ಹಳೇ ಮಾನಿಟರ್ ಬಿಚ್ಚಿ ಪ್ರೊಜೆಕ್ಟರ್ ಮಾಡುತ್ತಿದ್ದೇನೆ. ಹಿಂದೆ ಬೆಳಕು ಕೊಡುವ ಟ್ಯೂಬು, ಬಿಳಿ ಹಾಳೆ ಎಲ್ಲ ತೆಗೆದಾಯ್ತು. ಬರೀ ಗಾಜಿನಲ್ಲೂ ಚಿತ್ರ ಚೆನ್ನಾಗಿ ಬರುತ್ತಿದೆ.

ತೊಂದರೆ ಇರೋದು ಗಾಜಿನ ಅಂಚಿನ ಸಣ್ಣ ಬೋರ್ಡಿನದು. ಅದು ಹಿಂದಕ್ಕೆ ಮಡಚಿಕೊಂಡು ಬೆಳಕಿಗೆ ಅಡ್ಡ ಬರುತ್ತದೆ. ಗಾಜಿಗೂ ಬೋರ್ಡಿಗೂ ನಡುವಿನ ಕಂದು ಪಟ್ಟಿಗಳು ಕಾಗದದಷ್ಟು ತೆಳು. ಒಂದು ಹರಿದರೂ ಪರದೆ ಮೇಲೆ ಗೆರೆ ಖಾಯಂ, ಸೋಲ್ಡರ್ ಮಾಡಲೂ ಬರಲ್ಲ. ಇದನ್ನು ಬಿಡಿಸಿ ನೆಟ್ಟಗೆ ನಿಲ್ಲಿಸಿದವರು ಯಾರಾದರೂ ಇದ್ದೀರಾ? ಹೇಗೆ ಮಾಡಿದಿರಿ, ಫೋಟೋ ಇದ್ದರೆ ಹಾಕಿ.

ಬೆಳಕಿಗೆ ಗಾಜಿನ ಹಿಂದೆ 100 ವ್ಯಾಟ್ ಎಲ್‌ಇಡಿ ಹಾಕಬೇಕೆಂದಿದ್ದೇನೆ. ಬಣ್ಣದ ಎಲ್‌ಸಿಡಿ ಬಂದ ಬೆಳಕಿನಲ್ಲಿ ಜಾಸ್ತಿ ಪಾಲನ್ನು ತಾನೇ ನುಂಗಿ ಕಾಯುತ್ತದೆ. ನಮ್ಮ ಬೇಸಿಗೆ ಗೊತ್ತಲ್ವಾ, 40 ಡಿಗ್ರಿ ದಾಟುತ್ತದೆ. ಫ್ಯಾನ್ ಎಲ್ಲಿ ಕೂರಿಸಲಿ? ಫ್ರೆನೆಲ್ ಲೆನ್ಸ್ (ಬೆಳಕನ್ನು ಒಂದೆಡೆ ಸೇರಿಸುವ ಚಪ್ಪಟೆ ಮಸೂರ) ನಮ್ಮೂರ ಸೂಪರ್ ಮಾರ್ಕೆಟ್ ಪೇಟೆ ಕಡೆ ಸಿಗುತ್ತಾ, ಹೈದರಾಬಾದಿಗೇ ಹೋಗಬೇಕಾ?