ಹಂದಿ ಕಾಯುವ ರೈಫಲಿಗೆ ಲೇಸರ್ ಹಾಕಿಸಿದರೆ ಪ್ರಯೋಜನವಿದೆಯೇ?

ಪೆರ್ಲದ ಅಡಿಕೆ ಕೃಷಿಕ:
ಮಾನ್ಯರೇ, ಕಳೆದ ವಾರ ಒಂದೇ ರಾತ್ರಿಯಲ್ಲಿ ಕಾಡುಹಂದಿಗಳು ನಮ್ಮ ಮರಗೆಣಸಿನ ಸಾಲನ್ನೆಲ್ಲ ಮಗುಚಿ ಹಾಕಿ, ಎರಡು ವರ್ಷದ ಅಡಿಕೆ ಸಸಿಗಳ ಬುಡವನ್ನೂ ಅಗೆದು ಹೋಗಿವೆ. ಬೆಳೆ ಹಾಳುಮಾಡುವ ಹಂದಿಯನ್ನು ಪರವಾನಗಿಯುಳ್ಳ ಕೋವಿಯಿಂದ ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತಷ್ಟೆ; ನಮ್ಮ ಪಂಚಾಯತಿನ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ನನ್ನಲ್ಲಿರುವುದು ತಂದೆಯವರ ಕಾಲದ .315 ರೈಫಲ್. ವಯಸ್ಸು 58 ದಾಟಿದ ಮೇಲೆ ಹಿಂದಿನ ಸೈಟು, ಮುಂದಿನ ಸೈಟು, ಹಂದಿ ಮೂರೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಲೇಸರ್ ಹಾಕಿಸಿದರೆ ಚುಕ್ಕೆ ಬಿದ್ದಲ್ಲೇ ಗುಂಡು ಬೀಳುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಅದು ಎಷ್ಟರಮಟ್ಟಿಗೆ ಸರಿ?

ಮುಳ್ಳೇರಿಯದ ನಿವೃತ್ತ ಸೈನಿಕ:
ಆ ಮಾತು ಹೊಂದಿಸಿಟ್ಟ ಒಂದು ದೂರಕ್ಕೆ ಮಾತ್ರ ಸರಿ. ಬೆಳಕು ನೇರ ಗೆರೆಯಲ್ಲಿ ಹೋಗುತ್ತದೆ. ಗುಂಡು ನಳಿಗೆ ಬಿಟ್ಟ ಕ್ಷಣದಿಂದಲೇ ಇಳಿಯತೊಡಗುತ್ತದೆ. ಅದಲ್ಲದೆ ಲೇಸರ್ ಕೂರುವುದು ನಳಿಗೆಯ ಕೆಳಗೋ ಪಕ್ಕಕ್ಕೋ. ತಾವು ಅದನ್ನು ನಳಿಗೆಯಿಂದ 4 ಸೆಂ.ಮೀ. ಕೆಳಗೆ ಕೂರಿಸಿ 25 ಮೀಟರಿಗೆ ಹೊಂದಿಸಿದಿರೆಂದು ಇಟ್ಟುಕೊಳ್ಳಿ. 50 ಮೀಟರಿನಲ್ಲಿ ಗುಂಡು ಚುಕ್ಕೆಗಿಂತ ಸುಮಾರು 4 ಸೆಂ.ಮೀ. ಕೆಳಗೆ, 100 ಮೀಟರಿನಲ್ಲಿ ಸುಮಾರು 12 ಸೆಂ.ಮೀ. ಕೆಳಗೆ ಹೋಗುತ್ತದೆ, ಗುಂಡಿನ ಇಳಿತವನ್ನು ಇದಕ್ಕೆ ಬೇರೆಯೇ ಕೂಡಿಸಬೇಕು.

ಬಿಸಿಲಿನಲ್ಲಿ 5 ಮಿಲಿವ್ಯಾಟಿನ ಕೆಂಪು ಚುಕ್ಕೆ ಸ್ವಲ್ಪ ದೂರ ಹೋಗುವಷ್ಟರಲ್ಲೇ ಮಾಯವಾಗುತ್ತದೆ. 520ರಿಂದ 532 ನ್ಯಾನೊಮೀಟರಿನ ಹಸಿರು ನಮ್ಮ ಕಣ್ಣಿಗೆ ಹೆಚ್ಚು ಎದ್ದು ಕಾಣುವುದು ನಿಜ, ಆದರೆ ಹಂದಿಯ ಕಣ್ಣಿಗೂ ಹಸಿರು ಚೆನ್ನಾಗಿಯೇ ಕಾಣುತ್ತದೆ. ಕೆಂಪು ಅದಕ್ಕೆ ಅಷ್ಟಾಗಿ ಗೊತ್ತಾಗುವುದಿಲ್ಲ. ಆಟಿಯ ಮಳೆಯಲ್ಲಿ ಹನಿಹನಿಯೂ ಬೆಳಕನ್ನು ಚದುರಿಸುವುದರಿಂದ ಚುಕ್ಕೆ ಮಸುಕಾಗಿ, ಕಿರಣದ ಗೆರೆಯೇ ಕಣ್ಣಿಗೆ ಹೊಡೆಯುತ್ತದೆ.

ಸೇನೆಯ ರೈಫಲುಗಳಿಗೂ ಲೇಸರ್ ಇರುತ್ತದಲ್ಲ ಎಂದು ಕೇಳಬಹುದು, ಆ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿ ರಾತ್ರಿ ಕೆಲಸಕ್ಕೆ ಬಳಸುವುದು ಹೆಚ್ಚಾಗಿ ಬರಿಗಣ್ಣಿಗೆ ಕಾಣದ ಅವಕೆಂಪು ಲೇಸರ್. ನೈಟ್ ವಿಷನ್ ಕನ್ನಡಕ ತೊಟ್ಟವನಿಗೆ ಸೈಟಿಗೆ ಕಣ್ಣಿಟ್ಟು ಗುರಿ ಹಿಡಿಯುವುದು ಬಹಳ ಕಷ್ಟ, ಆದ್ದರಿಂದ ಅವನಿಗೆ ಅದು ಬೇಕೇ ಬೇಕು.

ತಮ್ಮ ತೊಂದರೆ ಕಣ್ಣಿನದು. ಅದಕ್ಕೆ ರೆಡ್ ಡಾಟ್ ಸೈಟು ಹೆಚ್ಚು ತಕ್ಕದ್ದು. ಅನೇಕರು ಇದನ್ನೂ ಲೇಸರನ್ನೂ ಒಂದೇ ಎಂದು ತಿಳಿಯುತ್ತಾರೆ. ಇದರ ಚುಕ್ಕೆ ಗಾಜಿನಲ್ಲಿ ಕಾಣುತ್ತದೆಯೇ ಹೊರತು ಹಂದಿಯ ಮೈಮೇಲೆ ಬೀಳುವುದಿಲ್ಲ. ದೃಷ್ಟಿಯನ್ನು ಹಂದಿಯ ಮೇಲಿಟ್ಟರೆ ಸಾಕು, ಎರಡು ಸೈಟುಗಳನ್ನು ಸಾಲಾಗಿ ಹಿಡಿಯುವ ಕಷ್ಟವಿಲ್ಲ.

ಬದಿಯಡ್ಕದ ಓದುಗ:
ಮೇಲಿನವರ ಲೆಕ್ಕ ಸರಿ, ಆದರೆ ಅಡಿಕೆ ತೋಟದಲ್ಲಿ 100 ಮೀಟರಿನ ಈಡು ಎಲ್ಲಿಂದ ಬರಬೇಕು? ಮರದಿಂದ ಮರಕ್ಕೆ 2.7 ಮೀಟರು, 30 ಮೀಟರಿನಾಚೆ ಯಾವುದಾದರೊಂದು ಕಂಬ ಅಡ್ಡ ಬಂದೇ ಬರುತ್ತದೆ. ನನ್ನ 12 ಬೋರ್ ಕೋವಿಗೆ ಕೆಂಪು ಲೇಸರ್ ಇದೆ. ಅದರಿಂದ ನನಗಾದ ದೊಡ್ಡ ಲಾಭ ಅಭ್ಯಾಸದ್ದು. ತೋಟೆ ಇಲ್ಲವೆಂದು ಎರಡೆರಡು ಬಾರಿ ನೋಡಿಕೊಂಡು, ಹೊಡೆತದ ಪಿನ್ನಿಗೆ ಏಟಾಗದಂತೆ ಡಮ್ಮಿ ತೋಟೆ ಹಾಕಿ, ಕೊಟ್ಟಿಗೆಯ ಮುರಕಲ್ಲಿನ ಗೋಡೆಗೆ ಚುಕ್ಕೆ ಹಿಡಿದು ಕುದುರೆ ಎಳೆದೆ. ಎಳೆದಾಗಲೆಲ್ಲ ಚುಕ್ಕೆ ಒಂದು ಗೇಣು ಎಡಕ್ಕೆ ಜಿಗಿಯುತ್ತಿತ್ತು. ಅಷ್ಟು ವರ್ಷ ಕೋವಿಯ ಮೇಲೆ ಹೊರಿಸಿದ ತಪ್ಪು ನನ್ನ ಬೆರಳಿನದಾಗಿತ್ತು.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಒಂದು ರಾತ್ರಿ ಚುಕ್ಕೆಯನ್ನೇ ನೋಡುತ್ತ ಹಂದಿಯ ಹಿಂದೆ ಏನಿದೆಯೆಂಬುದನ್ನು ಮರೆತಿದ್ದೆ. ತೋಡಿನಾಚೆಯ ಪಂಪುಶೆಡ್ಡಿನಲ್ಲಿ ಬಲ್ಬು ಹೊತ್ತಿಕೊಂಡಿತು. ನೆರೆಯವರು ಮೋಟಾರು ಹಾಕಲು ಬಂದಿದ್ದರು. ಕೋವಿ ಕೆಳಗಿಳಿಸಿದೆ. ತಮ್ಮದು ರೈಫಲ್, ಗುಂಡು ಬಹಳ ದೂರ ಹೋಗುತ್ತದೆ. ಚುಕ್ಕೆಗಿಂತ ಮೊದಲು ಹಿನ್ನೆಲೆ ತೋರಿಸುವ ಒಳ್ಳೆಯ ಟಾರ್ಚು ಬೇಕು.

ಪೆರ್ಲದ ಅಡಿಕೆ ಕೃಷಿಕ:
ಇಬ್ಬರಿಗೂ ಕೃತಜ್ಞತೆಗಳು. ಟಾರ್ಚು ಮೊದಲು ತರುತ್ತೇನೆ. ರೆಡ್ ಡಾಟ್ ಕೂರಿಸಲು ನನ್ನ ರೈಫಲಿನ ಮೇಲೆ ಪಟ್ಟಿಯೇ ಇಲ್ಲವಲ್ಲ?

ಮುಳ್ಳೇರಿಯದ ನಿವೃತ್ತ ಸೈನಿಕ:
ಪಟ್ಟಿಗಾಗಿ ತೂತು ಕೊರೆಯಬೇಕಾದರೆ ಊರಿನ ಲೇತಿನವರಲ್ಲಿಗೆ ಒಯ್ಯಬೇಡಿ, ಪರವಾನಗಿಯುಳ್ಳ ಕೋವಿ ದುರಸ್ತಿಗಾರರಲ್ಲಿಯೇ ಮಾಡಿಸಿ. ಅದಕ್ಕೂ ಮೊದಲು ಪರವಾನಗಿ ಕೊಟ್ಟ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿಕೊಳ್ಳಿ. .315ರ ಒದೆತಕ್ಕೆ ಸ್ಕ್ರೂಗಳು ಸಡಿಲಾಗುತ್ತವೆ, ಆದ್ದರಿಂದ ಮೊದಲ ಕೆಲವು ಈಡುಗಳ ನಂತರ ಗುರಿಯನ್ನು ಮತ್ತೆ ಪರೀಕ್ಷಿಸಿ.